ಅಯಾನು ವಿನಿಮಯ ಪೊರೆಯಲ್ಲಿ ನೀರು ಮತ್ತು ಅಯಾನು ಎಷ್ಟು ದಾಟುತ್ತವೆ? ಲ್ಯಾಬಿನಲ್ಲಿ ಅಳೆಯುವ ದಾರಿ

ಅಯಾನು ವಿನಿಮಯ ಪೊರೆ ಅಂದರೆ ಒಂದು ಬಗೆಯ ಚಾರ್ಜಿನ ಅಯಾನನ್ನು ಬಿಟ್ಟು, ಇನ್ನೊಂದು ಬಗೆಯದನ್ನು ತಡೆಯುವ ಪಾಲಿಮರ್ ಹಾಳೆ. ಎಲೆಕ್ಟ್ರೋಡಯಾಲಿಸಿಸ್ (ಕರೆಂಟ್ ಹಾಕಿ ನೀರಿನಿಂದ ಉಪ್ಪು ತೆಗೆಯುವುದು) ಇರಲಿ, ಫ್ಯೂಯೆಲ್ ಸೆಲ್ ಇರಲಿ, ಫ್ಲೋ ಬ್ಯಾಟರಿ ಇರಲಿ, ಹೊಸ ಪೊರೆ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕಂಡಕ್ಟಿವಿಟಿ, ಅಂದರೆ ಕರೆಂಟ್ ಹರಿಸುವ ಶಕ್ತಿ, ಎಷ್ಟು? ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದಲ್ಲ. ಪೊರೆ ಎಷ್ಟು ನೀರು ಹಿಡಿದುಕೊಳ್ಳುತ್ತದೆ, ಒಳಗಿನ ಆ ನೀರಿನ ಪ್ರತಿ ಲೀಟರಿಗೆ ಎಷ್ಟು ಚಾರ್ಜ್ ಇದೆ, ಇದು ಮೊದಲು ಗೊತ್ತಾಗಬೇಕು. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಉಪ್ಪು ಎಷ್ಟು ಸೋರಬಹುದು, ಪೊರೆ ಯಾವ ಅಯಾನನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ ಅನ್ನುವುದಕ್ಕೆಲ್ಲ ಒಂದು ಅಂದಾಜು ಸಿಗುತ್ತದೆ. ಅದಿಲ್ಲದೆ ಅಳೆದ ಕಂಡಕ್ಟಿವಿಟಿ ಒಂಟಿ ಅಂಕಿ, ಇನ್ನೊಂದು ಪೊರೆಯ ಜೊತೆ ಸರಿಯಾಗಿ ಹೋಲಿಸಲೂ ಬರುವುದಿಲ್ಲ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ನಾಲ್ಕು ದಶಮಾಂಶ ತೋರಿಸುವ ತಕ್ಕಡಿ, ಬ್ಯೂರೆಟ್, ವ್ಯಾಕ್ಯೂಮ್ ಓವನ್, ಕಂಡಕ್ಟಿವಿಟಿ ಮೀಟರ್, ಎರಡು ರೆಫರೆನ್ಸ್ ಎಲೆಕ್ಟ್ರೋಡ್, ಎರಡು ಕೋಣೆಯ ಗಾಜಿನ ಸೆಲ್, ಎರಡೂ ಕಡೆ ಕಲಕುವ ವ್ಯವಸ್ಥೆ. ಇಂಪೀಡೆನ್ಸ್ (ಎಸಿ ಕರೆಂಟಿಗೆ ಬರುವ ಅಡ್ಡಿ) ಅಳೆಯುವ ಪೊಟೆನ್ಶಿಯೋಸ್ಟಾಟ್ ಇದ್ದರೆ ಒಳ್ಳೆಯದು.

ಒಳಗೆ ಏನಿದೆ

ಧನ ಅಯಾನು ದಾಟಿಸುವ ಕ್ಯಾಟಯಾನ್ ಪೊರೆಯ ಪಾಲಿಮರ್ ಸರಪಳಿಗೆ ಋಣ ಚಾರ್ಜಿನ ಗುಂಪುಗಳು ಅಂಟಿಕೊಂಡಿರುತ್ತವೆ, ಸಾಮಾನ್ಯವಾಗಿ ಸಲ್ಫೋನೇಟ್. ಅವು ಕದಲುವುದಿಲ್ಲ. ಅವುಗಳ ಚಾರ್ಜ್ ಸರಿದೂಗಿಸಲು ಸೋಡಿಯಂ ಅಥವಾ ಪ್ರೋಟಾನ್ ಥರದ ಧನ ಅಯಾನುಗಳು ನೀರಿನಲ್ಲಿ ಓಡಾಡಿಕೊಂಡಿರುತ್ತವೆ. ಇವನ್ನು ಕೌಂಟರ್ ಅಯಾನು ಅನ್ನುತ್ತಾರೆ. ಹೊರಗಿನ ದ್ರಾವಣದಿಂದ ನುಸುಳಿ ಬರುವ ಕ್ಲೋರೈಡ್ ಕೋ-ಅಯಾನು. ಆನಯಾನ್ ಪೊರೆಯಲ್ಲಿ ಇದೆಲ್ಲ ತಿರುಗಾಮುರುಗಾ: ಅಂಟಿಕೊಂಡಿರುವುದು ಧನ ಚಾರ್ಜಿನ ಕ್ವಾಟರ್ನರಿ ಅಮೋನಿಯಂ, ಓಡಾಡುವುದು ಕ್ಲೋರೈಡ್ ಅಥವಾ ಹೈಡ್ರಾಕ್ಸೈಡ್.

ಪಾಲಿಮರ್ ಸರಪಳಿಗೆ ನೀರು ಅಂದರೆ ಆಗುವುದಿಲ್ಲ, ಚಾರ್ಜಿನ ಗುಂಪುಗಳಿಗೆ ನೀರು ಬೇಕೇ ಬೇಕು. ಹಾಗಾಗಿ ಒಳಗೆ ನೀರಿನ ಜಾಗ ಬೇರೆ, ಪಾಲಿಮರ್ ಜಾಗ ಬೇರೆ ಆಗಿ ನ್ಯಾನೋಮೀಟರ್ ಅಗಲದ ನೀರಿನ ದಾರಿಗಳು ಏರ್ಪಡುತ್ತವೆ. ಅಯಾನು ಹೋಗುವುದೂ ಇದೇ ದಾರಿಯಲ್ಲಿ, ನೀರು ಹೋಗುವುದೂ ಇದೇ ದಾರಿಯಲ್ಲಿ. ಇವೆರಡನ್ನು ಬೇರೆ ಬೇರೆ ವಿಷಯ ಅಂದುಕೊಂಡು ಅಳೆಯಲು ಹೊರಟರೆ ಲೆಕ್ಕ ಕೂಡಿಬರುವುದಿಲ್ಲ.

ಉದಾಹರಣೆಗೆ ಇಲ್ಲಿ ನಾಫಿಯಾನ್ 117 ತೆಗೆದುಕೊಳ್ಳುತ್ತೇನೆ. 1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ವಾಲ್ಥರ್ ಗ್ರೋಟ್ ರೂಪಿಸಿದ ಪಾಲಿಮರ್ ಇದು, ಜಾಸ್ತಿ ಅಧ್ಯಯನ ಆಗಿರುವುದೂ ಇದರ ಮೇಲೆಯೇ. ಈ ಹಾಳೆಯ ಒಣ ದಪ್ಪ ಸುಮಾರು 180 ಮೈಕ್ರಾನ್. 1100 ಗ್ರಾಂ ಪಾಲಿಮರಿಗೆ ಒಂದು ಮೋಲ್ ಸಲ್ಫೋನಿಕ್ ಆಮ್ಲ, ಅಂದರೆ ಪ್ರತಿ ಗ್ರಾಂಗೆ 0.91 ಮಿಲಿಮೋಲ್. ವಿಧಾನ ಬೇರೆ ಪೊರೆಗಳಿಗೂ ಹೆಚ್ಚುಕಡಿಮೆ ಇದೇ.

ಮೊದಲು ತೊಳೆಯಿರಿ

ಪ್ಯಾಕೆಟಿನಿಂದ ತೆಗೆದ ಪೊರೆಯನ್ನು ನೇರವಾಗಿ ಅಳೆಯಬೇಡಿ. ಅದರಲ್ಲಿ ಸಾವಯವ ಕೊಳೆ ಇರಬಹುದು, ಯಾವ ಅಯಾನಿನ ರೂಪದಲ್ಲಿದೆ, ಅಂದರೆ ಒಳಗಿನ ಕೌಂಟರ್ ಅಯಾನು ಯಾವುದು, ಅನ್ನುವುದೂ ಖಚಿತ ಇರುವುದಿಲ್ಲ. ನಾಫಿಯಾನಿಗೆ ಎಲ್ಲರೂ ಮಾಡುವ ಕ್ರಮ ಇದು: 3% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಒಂದು ಗಂಟೆ ಕುದಿಸಿ, ಡಿಅಯಾನೈಸ್ಡ್ ನೀರಿನಲ್ಲಿ ಕುದಿಸಿ, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಒಂದು ಗಂಟೆ, ಕೊನೆಗೆ ಮತ್ತೆ ನೀರಿನಲ್ಲಿ. ಫ್ಯೂಮ್ ಹುಡ್ ಒಳಗೆ, ಕನ್ನಡಕ, ಗ್ಲೌಸ್ ಹಾಕಿಕೊಂಡು ಮಾಡಿ. ಹೈಡ್ರೋಕಾರ್ಬನ್ ಪೊರೆಗಳಿಗೆ (ನಾಫಿಯಾನಿನಂತೆ ಫ್ಲೋರಿನ್ ಇಲ್ಲದವು), ಅದರಲ್ಲೂ ಆನಯಾನ್ ಪೊರೆಗಳಿಗೆ, ಈ ಕುದಿಸುವ ಕೆಲಸ ಬೇಡ, ಹಾಳಾಗುತ್ತವೆ. ಅವನ್ನು ಕೋಣೆಯ ಉಷ್ಣತೆಯಲ್ಲೇ ಉಪ್ಪಿನ ದ್ರಾವಣದಲ್ಲಿ ನೆನೆಸಿ, ದ್ರಾವಣವನ್ನು ಎರಡು ಮೂರು ಸಲ ಬದಲಿಸಿದರೆ ಸಾಕು.

ಇಲ್ಲಿ ಕುದಿಸಿದ್ದೀರೋ ಇಲ್ಲವೋ ಅನ್ನುವುದೇ ಮುಂದಿನ ಎಲ್ಲ ಸಂಖ್ಯೆಯನ್ನು ಬದಲಿಸುತ್ತದೆ. ಕುದಿಸಿ ನೀರಿನಲ್ಲೇ ಇಟ್ಟ ನಾಫಿಯಾನಿನಲ್ಲಿ ಒಂದು ಸಲ್ಫೋನಿಕ್ ಗುಂಪಿಗೆ ಸುಮಾರು 22 ನೀರಿನ ಅಣುಗಳು ಇರುತ್ತವೆ. ಅದೇ ಪೊರೆಯನ್ನು 100% ತೇವದ ಗಾಳಿಯಲ್ಲಿ ಇಟ್ಟರೆ ಸುಮಾರು 14. ದ್ರವ ನೀರು, ಪೂರ್ಣ ತೇವದ ಆವಿ ಎರಡರಲ್ಲೂ ನೀರಿನ ಕೆಮಿಕಲ್ ಪೊಟೆನ್ಶಿಯಲ್ (ಪೊರೆಯೊಳಗೆ ಹೋಗಲು ನೀರಿಗಿರುವ ಒತ್ತಾಸೆ) ಒಂದೇ, ಆದರೂ ಈ ವ್ಯತ್ಯಾಸ. 1903ರಲ್ಲಿ ಶ್ರೋಡರ್ ಜೆಲಾಟಿನ್‌ನಲ್ಲಿ ಇದನ್ನು ಗಮನಿಸಿದ್ದರು, ಅದಕ್ಕೇ ಇದಕ್ಕೆ ಶ್ರೋಡರ್ ಪ್ಯಾರಡಾಕ್ಸ್ ಅಂತ ಹೆಸರು. ಮೊದಲೇ 100 ಡಿಗ್ರಿಗಿಂತ ಮೇಲೆ ಒಣಗಿಸಿಬಿಟ್ಟರೆ, ಆಮೇಲೆ ತಣ್ಣನೆಯ ನೀರಿನಲ್ಲಿ ಎಷ್ಟು ಹೊತ್ತು ಇಟ್ಟರೂ 22ಕ್ಕೆ ಸುಲಭಕ್ಕೆ ಬರುವುದಿಲ್ಲ. ಆದ್ದರಿಂದ ಯಾವ ಸಂಖ್ಯೆ ಬರೆದರೂ ಪಕ್ಕದಲ್ಲಿ ಪೊರೆಯ ಹಿಂದಿನ ಕಥೆ ಬರೆಯಿರಿ: ಏನು ಮಾಡಿ ತೊಳೆದದ್ದು, ಎಷ್ಟು ಬಿಸಿ ಕಂಡಿದೆ, ಈಗ ಯಾವ ಅಯಾನಿನ ರೂಪದಲ್ಲಿದೆ.

ನೀರು ಎಷ್ಟು, ಚಾರ್ಜ್ ಎಷ್ಟು

ಒಂದು ತುಂಡು ಕತ್ತರಿಸಿಕೊಳ್ಳಿ, ಒಣ ತೂಕ ಅರ್ಧ ಗ್ರಾಂ ಆದರೂ ಇರಲಿ. ಮೊದಲು ಒದ್ದೆ ತೂಕ, ಆಮೇಲೆ ಒಣ ತೂಕ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ, ಕಾರಣ ಮೇಲೆಯೇ ಹೇಳಿದೆ.

ಒದ್ದೆ ತೂಕದಲ್ಲಿ ಎಲ್ಲರಿಗೂ ತೊಂದರೆ ಕೊಡುವುದು ಮೇಲ್ಮೈಯಲ್ಲಿ ಉಳಿಯುವ ನೀರು. ಫಿಲ್ಟರ್ ಪೇಪರಿನ ನಡುವೆ ಇಟ್ಟು ಒತ್ತಿದಾಗ ಕಡಿಮೆ ಒತ್ತಿದರೆ ಹನಿ ಉಳಿಯುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ನೀರೂ ಆರಿಹೋಗುತ್ತದೆ. ನನಗೆ ಸರಿ ಅನ್ನಿಸುವ ಉಪಾಯ ಹೀಗಿದೆ. ಒಮ್ಮೆ ಬೇಗ ಒತ್ತಿ ಒರೆಸಿ, ತಕ್ಕಡಿಯ ಮೇಲೆ ಇಟ್ಟು, 15, 30, 45, 60 ಸೆಕೆಂಡಿಗೆ ತೂಕ ಬರೆದುಕೊಳ್ಳಿ, ಗ್ರಾಫ್ ಹಾಕಿ ಗೆರೆಯನ್ನು ಸೊನ್ನೆ ಸೆಕೆಂಡಿಗೆ ಎಳೆಯಿರಿ. ಆರುವಿಕೆಯ ಪಾಲು ಹೋಗುತ್ತದೆ. ಇದನ್ನು ಮೂರು ತುಂಡಿಗೆ ಮಾಡಿ.

ಆಮೇಲೆ ವ್ಯಾಕ್ಯೂಮ್ ಓವನ್ನಿನಲ್ಲಿ 60ರಿಂದ 80 ಡಿಗ್ರಿಯಲ್ಲಿ, ತೂಕ ನಿಲ್ಲುವ ತನಕ ಒಣಗಿಸಿ. ಒಣ ನಾಫಿಯಾನ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ಮುಚ್ಚಳ ಇರುವ ವೇಯಿಂಗ್ ಬಾಟಲಿಯಲ್ಲೇ ತೂಗಿ. ಒದ್ದೆ 0.680 ಗ್ರಾಂ, ಒಣ 0.500 ಗ್ರಾಂ ಬಂತು ಅಂದುಕೊಳ್ಳೋಣ. ನೀರು 0.180 ಗ್ರಾಂ, ಅಂದರೆ ಒಣ ತೂಕದ 36%.

ಈಗ ಚಾರ್ಜ್. ಅದೇ ಒಣ ತುಂಡು ಪ್ರೋಟಾನ್ ರೂಪದಲ್ಲಿದೆ. ಅದನ್ನು 1 ಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ರಾತ್ರಿಯಿಡೀ ಬಿಡಿ. ಸೋಡಿಯಂ ಒಳಗೆ ಹೋಗುತ್ತದೆ, ಪ್ರೋಟಾನ್ ಹೊರಗೆ ಬರುತ್ತದೆ. ಆ ದ್ರಾವಣವನ್ನು 0.05 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಫಿನಾಲ್ಫ್ಥಲೀನ್ ಹಾಕಿ ಟೈಟ್ರೇಟ್ ಮಾಡಿ. ಪೊರೆಯನ್ನು ಬೀಕರಿನಿಂದ ತೆಗೆಯದೆಯೇ ಟೈಟ್ರೇಟ್ ಮಾಡುವುದು ಒಳ್ಳೆಯದು, ಒಳಗೆ ಉಳಿದ ಅಷ್ಟಿಷ್ಟು ಪ್ರೋಟಾನೂ ಹೊರಗೆ ಬರುತ್ತದೆ. ಬಣ್ಣ ಬಂದ ಮೇಲೆ ಐದು ನಿಮಿಷ ಕಾಯಿರಿ, ಬಣ್ಣ ಹೋದರೆ ಇನ್ನೊಂದು ಹನಿ. 9.1 ಮಿಲಿಲೀಟರ್ ಖರ್ಚಾದರೆ 0.455 ಮಿಲಿಮೋಲ್, ಅರ್ಧ ಗ್ರಾಂಗೆ ಅಷ್ಟು ಅಂದರೆ ಗ್ರಾಂಗೆ 0.91. ನಾಫಿಯಾನಿಗೆ ಬರಬೇಕಾದ ಸಂಖ್ಯೆ ಇದೇ. ಒಣ ತೂಕ ಯಾವ ರೂಪದ್ದು ಅಂತ ಮರೆಯಬೇಡಿ, ಸೋಡಿಯಂ ರೂಪದ ಒಣ ತೂಕ ಪ್ರೋಟಾನ್ ರೂಪಕ್ಕಿಂತ ಸುಮಾರು 2% ಜಾಸ್ತಿ.

ಈಗ ಎರಡನ್ನೂ ಸೇರಿಸಿ. ಗ್ರಾಂಗೆ 0.91 ಮಿಲಿಮೋಲ್ ಚಾರ್ಜ್, ಗ್ರಾಂಗೆ 0.36 ಗ್ರಾಂ ನೀರು. ಭಾಗಿಸಿದರೆ ಒಳಗಿನ ನೀರಿನ ಕಿಲೋಗೆ ಸುಮಾರು 2.5 ಮೋಲ್ ಸ್ಥಿರ ಚಾರ್ಜ್. ನಾನು ಮೊದಲು ಹೇಳಿದ ಸಂಖ್ಯೆ ಇದು. ನೀರನ್ನು ಚಾರ್ಜಿಗೆ ಭಾಗಿಸಿದರೆ ಒಂದು ಗುಂಪಿಗೆ 22 ನೀರು ಅಂತಲೂ ಬರುತ್ತದೆ, ಮೇಲಿನ ಲೆಕ್ಕಕ್ಕೆ ತಾಳೆಯಾಗುತ್ತದೆ ಅಲ್ವಾ. ಸೋಡಿಯಂ ರೂಪದಲ್ಲಿ ಪೊರೆ ಕಡಿಮೆ ನೀರು ಹಿಡಿಯುತ್ತದೆ, ಹೊರಗಿನ ಉಪ್ಪು ಜಾಸ್ತಿಯಾದರೆ ಇನ್ನೂ ಕಡಿಮೆ. ಹಾಗಾಗಿ ನೀವು ಬಳಸುವ ದ್ರಾವಣದಲ್ಲೇ ನೆನೆಸಿ ಇದನ್ನು ಮತ್ತೆ ಅಳೆಯಬೇಕು. ಇಲ್ಲಿ ಲೆಕ್ಕ ಸುಲಭ ಆಗಲಿ ಅಂತ 2.5 ಅನ್ನೇ ಮುಂದುವರಿಸುತ್ತೇನೆ.

ಆ ಸಂಖ್ಯೆಯಿಂದ ಏನು ಸಿಗುತ್ತದೆ

1911ರಲ್ಲಿ ಫ್ರೆಡರಿಕ್ ಡೊನ್ನನ್ ಕೊಟ್ಟ ಸಮತೋಲನದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಚಾರ್ಜ್ ಇರುವ ಪೊರೆಗೆ ಅನ್ವಯಿಸಿದವರು 1935–36ರಲ್ಲಿ ಟಿಯೋರೆಲ್ ಒಂದು ಕಡೆ, ಮೇಯರ್ ಮತ್ತು ಸೀವರ್ಸ್ ಇನ್ನೊಂದು ಕಡೆ. ಸರಳ ರೂಪದಲ್ಲಿ: ಪೊರೆಯೊಳಗಿನ ಕೌಂಟರ್ ಅಯಾನು ಸಾಂದ್ರತೆಯನ್ನು ಕೋ-ಅಯಾನು ಸಾಂದ್ರತೆಯಿಂದ ಗುಣಿಸಿದರೆ ಹೊರಗಿನ ಉಪ್ಪಿನ ಸಾಂದ್ರತೆಯ ವರ್ಗ ಬರಬೇಕು. ಒಳಗೆ ಚಾರ್ಜ್ ಸಮ ಇರಬೇಕಾದ್ದರಿಂದ ಕೌಂಟರ್ ಅಯಾನು ಅಂದರೆ ಸ್ಥಿರ ಚಾರ್ಜ್ ಮತ್ತು ಕೋ-ಅಯಾನು ಸೇರಿದ ಮೊತ್ತ. ಒಂದು ವರ್ಗ ಸಮೀಕರಣ ಬಿಡಿಸಿದರೆ ಆಯಿತು.

ಸ್ಥಿರ ಚಾರ್ಜ್ 2.5 ಮೋಲಾರ್ ಅಂತ ಇಟ್ಟುಕೊಳ್ಳಿ. ಹೊರಗೆ 0.1 ಮೋಲಾರ್ ಉಪ್ಪು ಇದ್ದರೆ ಒಳಗಿನ ಕ್ಲೋರೈಡ್ ಸುಮಾರು 0.004 ಮೋಲಾರ್. ಹೊರಗೆ 0.5 ಆದರೆ ಒಳಗೆ 0.096. ಹೊರಗೆ 1 ಮೋಲಾರ್ ಆದರೆ ಒಳಗೆ 0.35. ಉಪ್ಪು ಹತ್ತು ಪಟ್ಟು ಹೆಚ್ಚಾದರೆ ನುಸುಳುವ ಕ್ಲೋರೈಡ್ ಹತ್ತಿರ ಹತ್ತಿರ ತೊಂಬತ್ತು ಪಟ್ಟು! ತೆಳು ದ್ರಾವಣದಲ್ಲಿ ಅದ್ಭುತವಾಗಿ ತಡೆಯುವ ಪೊರೆ ಗಟ್ಟಿ ಉಪ್ಪುನೀರಿನಲ್ಲಿ ಯಾಕೆ ಸೋರುತ್ತದೆ ಅನ್ನುವುದಕ್ಕೆ ಇದೇ ಉತ್ತರ. ನಿಜವಾದ ಪೊರೆಯಲ್ಲಿ ಕೋ-ಅಯಾನು ಈ ಲೆಕ್ಕಕ್ಕಿಂತ ಜಾಸ್ತಿಯೇ ಸಿಗುವುದು ಸಾಮಾನ್ಯ, ಏಕೆಂದರೆ ಒಂದಿಷ್ಟು ಕೌಂಟರ್ ಅಯಾನುಗಳು ಸರಪಳಿಗೆ ಹತ್ತಿರವೇ ಕಟ್ಟಿಬಿದ್ದಿರುತ್ತವೆ, ಪೂರ್ತಿ ಸ್ವತಂತ್ರ ಅಯಾನಿನಂತೆ ವರ್ತಿಸುವುದಿಲ್ಲ. ಆದರೂ ಎರಡು ಪೊರೆಗಳಲ್ಲಿ ಯಾವುದು ಮೇಲು ಅಂತ ಹೇಳಲು ಈ ಲೆಕ್ಕ ಸಾಕು. ನೀರು ಜಾಸ್ತಿ ಕುಡಿದರೆ ಕಂಡಕ್ಟಿವಿಟಿ ಏರುತ್ತದೆ, ಆದರೆ ಅದೇ ಚಾರ್ಜ್ ಹೆಚ್ಚು ನೀರಿನಲ್ಲಿ ಹರಡಿ ತಡೆಯುವ ಶಕ್ತಿ ಇಳಿಯುತ್ತದೆ. ಪೊರೆ ತಯಾರಿಸುವವರು ದಿನವೂ ಗುದ್ದಾಡುವುದು ಇದರ ಜೊತೆಗೇ.

ಪೊಟೆನ್ಶಿಯಲ್ ಅಳತೆ: ಆಯ್ಕೆಯ ಗುಣ

ಪೊರೆಯ ಒಂದು ಕಡೆ 0.5 ಮೋಲಾರ್, ಇನ್ನೊಂದು ಕಡೆ 0.1 ಮೋಲಾರ್ ಸೋಡಿಯಂ ಕ್ಲೋರೈಡ್ ಹಾಕಿ, 25 ಡಿಗ್ರಿ ಹಿಡಿದು, ಎರಡು ರೆಫರೆನ್ಸ್ ಎಲೆಕ್ಟ್ರೋಡ್‌ಗಳ ನಡುವೆ ವೋಲ್ಟೇಜ್ ನೋಡಿ. ಕ್ಲೋರೈಡ್ ಒಂದಿಷ್ಟೂ ದಾಟದ ಪರಿಪೂರ್ಣ ಪೊರೆಗೆ, ಆಕ್ಟಿವಿಟಿ (ದ್ರಾವಣದಲ್ಲಿ ಅಯಾನಿನ ಪರಿಣಾಮಕಾರಿ ಸಾಂದ್ರತೆ) ಲೆಕ್ಕ ಸೇರಿಸಿದರೆ, 37.9 ಮಿಲಿವೋಲ್ಟ್ ಬರಬೇಕು. ಸಾಂದ್ರತೆಯನ್ನೇ ನೇರ ಹಾಕಿದರೆ 41ರ ಮೇಲೆ ಬರುತ್ತದೆ, ಅದು ತಪ್ಪು. ಒಮ್ಮೆ ಅಳೆದು, ಎಲೆಕ್ಟ್ರೋಡ್‌ಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಚಿಹ್ನೆ ಬಿಟ್ಟು ಸರಾಸರಿ ತೆಗೆದರೆ ಎಲೆಕ್ಟ್ರೋಡ್‌ಗಳ ನಡುವಿನ ಸ್ವಂತ ವ್ಯತ್ಯಾಸ ಹೋಗುತ್ತದೆ.

36 ಮಿಲಿವೋಲ್ಟ್ ಬಂತು ಅಂದುಕೊಳ್ಳಿ. 37.9ಕ್ಕೆ ಭಾಗಿಸಿದರೆ 0.95, ಆಯ್ಕೆಯ ಗುಣ ಅನ್ನುವುದು ಇದನ್ನೇ. ಅದಕ್ಕೆ ಒಂದು ಕೂಡಿಸಿ ಎರಡರಿಂದ ಭಾಗಿಸಿದರೆ ಕರೆಂಟಿನಲ್ಲಿ ಸೋಡಿಯಂ ಪಾಲು 0.975 ಅಂತ ಬರುತ್ತದೆ. ಬಹಳ ಜನ ಇಲ್ಲಿಗೆ ನಿಲ್ಲಿಸಿ, ಉಳಿದದ್ದು ಕ್ಲೋರೈಡ್ ಸೋರಿಕೆ ಅಂತ ಬರೆದುಬಿಡುತ್ತಾರೆ. ಇಲ್ಲಿ ನಿಧಾನ ಮಾಡಿ. ಸೋಡಿಯಂ ಜೊತೆ ನೀರೂ ದಾಟುವುದರಿಂದ ಈ ವೋಲ್ಟೇಜ್ ತಾನಾಗಿಯೇ ಇಳಿಯುತ್ತದೆ. ತಿದ್ದುಪಡಿ ಸುಲಭ: ಎರಡು ದ್ರಾವಣಗಳ ಲಾಗರಿದಮಿಕ್ ಸರಾಸರಿ ಮೋಲಾಲಿಟಿ (ಕಿಲೋ ನೀರಿಗೆ ಎಷ್ಟು ಮೋಲ್ ಉಪ್ಪು), 0.018 (ಒಂದು ಮೋಲ್ ನೀರಿನ ತೂಕ, ಕಿಲೋದಲ್ಲಿ), ಮತ್ತು ಒಂದು ಫ್ಯಾರಡೇ (ಒಂದು ಮೋಲ್ ಎಲೆಕ್ಟ್ರಾನಿನಷ್ಟು) ಚಾರ್ಜಿಗೆ ದಾಟುವ ನೀರಿನ ಮೋಲ್‌ಗಳು, ಈ ಮೂರನ್ನೂ ಗುಣಿಸಿದಷ್ಟು ಸೋಡಿಯಂ ಪಾಲು ಕಡಿಮೆ ಕಾಣಿಸುತ್ತದೆ. ಸರಾಸರಿ 0.25, ನೀರು ಬರೀ 5 ಅಂತ ಹಾಕಿ ನೋಡಿ, 0.0225 ಕಡಿಮೆ. ಅಂದರೆ ಕ್ಲೋರೈಡ್ ಒಂದಿಷ್ಟೂ ಸೋರದಿದ್ದರೂ ಮೀಟರ್ 36.2 ತೋರಿಸುತ್ತದೆ. ನೀವು ಸೋರಿಕೆ ಅಂದುಕೊಂಡದ್ದರಲ್ಲಿ ದೊಡ್ಡ ಪಾಲು ನೀರಿನದ್ದೇ ಇರಬಹುದು! ನೀರನ್ನು ಅಳೆಯದೆ ಅಯಾನಿನ ಬಗ್ಗೆ ತೀರ್ಪು ಕೊಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕಂಡಕ್ಟಿವಿಟಿ

ಹಾಳೆಯ ದಪ್ಪದ ದಿಕ್ಕಿನಲ್ಲಿ ಅಳೆಯಬೇಕೋ, ಉದ್ದದ ದಿಕ್ಕಿನಲ್ಲಿ ಅಳೆಯಬೇಕೋ? ಲೆಕ್ಕ ಹಾಕಿ ನೋಡಿ. ಪ್ರೋಟಾನ್ ರೂಪದ ಒದ್ದೆ ನಾಫಿಯಾನಿನ ಕಂಡಕ್ಟಿವಿಟಿ ಸೆಂಟಿಮೀಟರಿಗೆ ಸುಮಾರು 0.1 ಸೀಮೆನ್ಸ್. ಒದ್ದೆ ದಪ್ಪ 0.02 ಸೆಂಟಿಮೀಟರ್ ಅಂದರೆ, ಒಂದು ಚದರ ಸೆಂಟಿಮೀಟರಿನ ಅಡ್ಡ ರೆಸಿಸ್ಟೆನ್ಸ್ ಬರೀ 0.2 ಓಮ್. ತಂತಿ ಮತ್ತು ಕಾಂಟ್ಯಾಕ್ಟ್ ಸೇರಿದರೆ ಅಷ್ಟೇ ಆಗಿಬಿಡಬಹುದು. ಅದೇ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಒಂದು ಸೆಂಟಿಮೀಟರ್ ಅಂತರದಲ್ಲಿ ಅಳೆದರೆ 500 ಓಮ್. ಆರಾಮಾಗಿ ಅಳೆಯಬಹುದು. ನಾಲ್ಕು ಎಲೆಕ್ಟ್ರೋಡ್ ಇಟ್ಟು ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್ ತೆಗೆದುಕೊಂಡರೆ ಕಾಂಟ್ಯಾಕ್ಟ್ ತೊಂದರೆ ಇರುವುದಿಲ್ಲ. ಪಟ್ಟಿಯ ಮೇಲೆ ನೀರಿನ ಹನಿ ಇದ್ದರೂ ಪರವಾಗಿಲ್ಲ, ಉಪ್ಪಿನ ದ್ರಾವಣ ಮಾತ್ರ ಇರಬಾರದು.

ಆದರೆ ಜಾಲರಿ ಸೇರಿಸಿ ಮಾಡಿದ ಪೊರೆಗಳಲ್ಲಿ ಎರಡು ದಿಕ್ಕಿನ ಕಂಡಕ್ಟಿವಿಟಿ ಒಂದೇ ಇರುವುದಿಲ್ಲ, ಸೆಲ್ಲಿನಲ್ಲಿ ಕರೆಂಟ್ ಹೋಗುವುದು ಅಡ್ಡಕ್ಕೇ. ಆಗ ದಾರಿ ಒಂದೇ: ಎರಡು ಕೋಣೆಯ ಸೆಲ್ಲಿನಲ್ಲಿ ಪೊರೆ ಇಟ್ಟು ಒಮ್ಮೆ, ತೆಗೆದು ಒಮ್ಮೆ ಅಳೆದು ಕಳೆಯುವುದು. ಇಂಪೀಡೆನ್ಸ್ ಗ್ರಾಫಿನಲ್ಲಿ ಹೈ ಫ್ರೀಕ್ವೆನ್ಸಿ ಕಡೆ ರಿಯಲ್ ಅಕ್ಷವನ್ನು (ಅಡ್ಡ ಗೆರೆಯನ್ನು) ಮುಟ್ಟುವ ಬಿಂದು ತೆಗೆದುಕೊಳ್ಳಿ.

ನೀರಿಗೂ ಕಂಡಕ್ಟಿವಿಟಿಗೂ ಇರುವ ನಂಟು ನೋಡಬೇಕಾದರೆ 1991ರಲ್ಲಿ ಸ್ಪ್ರಿಂಗರ್, ಜವೋಡ್ಜಿನ್‌ಸ್ಕಿ ಮತ್ತು ಗಾಟ್ಸ್‌ಫೆಲ್ಡ್ ನಾಫಿಯಾನ್ 117ಕ್ಕೆ ಕೊಟ್ಟ ಸೂತ್ರ ಹಾಕಿ ನೋಡಿ. 30 ಡಿಗ್ರಿಯಲ್ಲಿ, ಒಂದು ಗುಂಪಿಗೆ 22 ನೀರು ಇದ್ದರೆ ಸೆಂಟಿಮೀಟರಿಗೆ 0.11 ಸೀಮೆನ್ಸ್, 14 ಇದ್ದರೆ 0.069, 3ಕ್ಕೆ ಇಳಿದರೆ 0.012. ಪಾಲಿಮರ್ ಅದೇ, ಚಾರ್ಜ್ ಅಷ್ಟೇ, ನೀರು ಮಾತ್ರ ಬೇರೆ.

ಉಪ್ಪಿನ ಸೋರಿಕೆ

ಕರೆಂಟ್ ಇಲ್ಲದೆ ಉಪ್ಪು ಎಷ್ಟು ದಾಟುತ್ತದೆ ಅನ್ನುವುದು ಸುಲಭದ ಅಳತೆ. ಒಂದು ಕಡೆ 1 ಮೋಲಾರ್ ಉಪ್ಪು, ಇನ್ನೊಂದು ಕಡೆ ಡಿಅಯಾನೈಸ್ಡ್ ನೀರು, ನೀರಿನ ಕಡೆ ಕಂಡಕ್ಟಿವಿಟಿ ಪ್ರೋಬ್. ಪೊರೆ 100 ಮೈಕ್ರಾನ್, 5 ಚದರ ಸೆಂಟಿಮೀಟರ್, ಕೋಣೆ 50 ಮಿಲಿಲೀಟರ್ ಇರಲಿ. ಪರ್ಮಿಯಬಿಲಿಟಿ (ಪೊರೆ ಉಪ್ಪನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವ ಅಳತೆ) ಸೆಕೆಂಡಿಗೆ ಒಂದು ಚದರ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ (10⁻⁸) ಆಗಿದ್ದರೆ ಒಂದು ಗಂಟೆಗೆ 0.36 ಮಿಲಿಮೋಲಾರ್ ಏರುತ್ತದೆ, ಮೀಟರಿನಲ್ಲಿ ಸೆಂಟಿಮೀಟರಿಗೆ ಸುಮಾರು 45 ಮೈಕ್ರೋಸೀಮೆನ್ಸ್. ಚೆನ್ನಾಗಿ ಕಾಣುವಷ್ಟು ಬದಲಾವಣೆ. ಮೊದಲ ಕೆಲವು ನಿಮಿಷಗಳ ಅಂಕಿ ಬಿಟ್ಟುಬಿಡಿ, ಗೆರೆ ನೇರ ಆದ ಮೇಲಿನ ಇಳಿಜಾರು ತೆಗೆದುಕೊಳ್ಳಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿದರೂ ಕಂಡಕ್ಟಿವಿಟಿ ಏರುತ್ತದೆ, ಅದಕ್ಕೆ ಸೆಲ್ ಮುಚ್ಚಿರಲಿ. ಪೊರೆಯನ್ನು ಮೊದಲೇ ಪ್ರೋಟಾನ್ ರೂಪದಿಂದ ಸೋಡಿಯಂ ರೂಪಕ್ಕೆ ತಂದು ಚೆನ್ನಾಗಿ ತೊಳೆದಿರಬೇಕು. ಇಲ್ಲದಿದ್ದರೆ ಆಮ್ಲ ಹೊರಗೆ ಬಂದು ಮೀಟರನ್ನು ಹುಚ್ಚೆಬ್ಬಿಸುತ್ತದೆ, ಪ್ರೋಟಾನಿನ ಕಂಡಕ್ಟಿವಿಟಿ ಸೋಡಿಯಂನದ್ದಕ್ಕಿಂತ ಏಳು ಪಟ್ಟು ಅಲ್ವಾ.

ನೀರು ದಾಟುವ ಎರಡು ದಾರಿ

ಒಂದು ಆಸ್ಮಾಸಿಸ್: ತೆಳು ದ್ರಾವಣದಿಂದ ಗಟ್ಟಿ ದ್ರಾವಣಕ್ಕೆ. ಇನ್ನೊಂದು ಎಲೆಕ್ಟ್ರೋ-ಆಸ್ಮಾಸಿಸ್: ಕರೆಂಟ್ ಹೋಗುವಾಗ ಅಯಾನುಗಳು ತಮ್ಮ ಸುತ್ತಲಿನ ನೀರನ್ನೂ ಎಳೆದುಕೊಂಡು ಹೋಗುವುದು. ಒತ್ತಡದ ವ್ಯತ್ಯಾಸದಿಂದಲೂ ನೀರು ಹೋಗುತ್ತದೆ, ಆದರೆ ಈ ದಟ್ಟ ಪೊರೆಗಳಲ್ಲಿ ಅದು ಚಿಕ್ಕದು, ಎರಡೂ ಕಡೆ ಒಂದೇ ಮಟ್ಟ ಇಟ್ಟರೆ ಮರೆಯಬಹುದು.

ಎಳೆದುಕೊಂಡು ಹೋಗುವ ನೀರು ಅಯಾನಿನ ಮೇಲೆ ನಿಂತಿದೆ. ಲಿಥಿಯಂ ಸೋಡಿಯಂಗಿಂತ ಜಾಸ್ತಿ, ಸೋಡಿಯಂ ಪೊಟ್ಯಾಸಿಯಂಗಿಂತ ಜಾಸ್ತಿ ಎಳೆಯುತ್ತದೆ. ಪ್ರೋಟಾನ್ ಕಡಿಮೆ ಎಳೆಯುತ್ತದೆ, ಒಂದು ನೀರಿನ ಅಣುವಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುವುದರಿಂದ. ನಾಫಿಯಾನಿನಲ್ಲಿ ಹೊರಗೆ ದ್ರವ ನೀರಿದ್ದರೆ ಒಂದು ಪ್ರೋಟಾನಿಗೆ ಸುಮಾರು 2.5 ನೀರು, ಆವಿ ಮಾತ್ರ ಇದ್ದರೆ ಸುಮಾರು 1.

ಅಳೆಯುವುದು ಹೀಗೆ. ಎರಡು ಕೋಣೆಗೂ ಒಂದೇ 0.1 ಮೋಲಾರ್ ಉಪ್ಪು ತುಂಬಿ, ಆಗ ಆಸ್ಮಾಸಿಸ್ ಇರುವುದಿಲ್ಲ. ಎರಡೂ ಕೋಣೆಯನ್ನು ಗಾಳಿಗುಳ್ಳೆ ಇಲ್ಲದಂತೆ ಮುಚ್ಚಿ, ಒಂದೊಂದಕ್ಕೂ ಒಂದು ಮಿಲಿಮೀಟರ್ ಒಳವ್ಯಾಸದ ಗಾಜಿನ ಕ್ಯಾಪಿಲರಿಯನ್ನು ಅಡ್ಡವಾಗಿ ಜೋಡಿಸಿ. ಎಲೆಕ್ಟ್ರೋಡ್ ಬೆಳ್ಳಿ–ಬೆಳ್ಳಿ ಕ್ಲೋರೈಡ್ ಇರಲಿ, ಪ್ಲಾಟಿನಂ ಆದರೆ ಅನಿಲ ಬಂದು ಅಳತೆ ಕೆಡುತ್ತದೆ. 10 ಮಿಲಿಆಂಪಿಯರ್ ಒಂದು ಗಂಟೆ ಬಿಟ್ಟರೆ 36 ಕೂಲಾಂಬ್. ಒಂದು ಸೋಡಿಯಂಗೆ 10 ನೀರು ದಾಟುತ್ತದೆ ಅಂತಿಟ್ಟರೆ 67 ಮೈಕ್ರೋಲೀಟರ್, ಕ್ಯಾಪಿಲರಿಯಲ್ಲಿ 85 ಮಿಲಿಮೀಟರ್ ಓಟ. ಸ್ಕೇಲ್ ಇಟ್ಟೇ ಓದಬಹುದು. ಬೆಳ್ಳಿ ಕ್ಲೋರೈಡ್ ಬೆಳ್ಳಿಯಾಗುವಾಗ ಘನದ ಗಾತ್ರ ಕುಗ್ಗುತ್ತದೆ, ಅದೇ ಕೋಣೆಗೆ ಉಪ್ಪು ಸೇರಿ ದ್ರಾವಣದ ಗಾತ್ರ ಹಿಗ್ಗುತ್ತದೆ. ಸೋಡಿಯಂ ಕ್ಲೋರೈಡ್ ಮತ್ತು ಒಳ್ಳೆಯ ಕ್ಯಾಟಯಾನ್ ಪೊರೆ ಇದ್ದಾಗ ಇವೆರಡೂ ಬಹುತೇಕ ಒಂದಕ್ಕೊಂದು ವಜಾ ಆಗುತ್ತವೆ. ಬೇರೆ ಉಪ್ಪಿಗೆ ಲೆಕ್ಕ ಹಾಕಿ ತಿದ್ದಬೇಕು.

ಇಲ್ಲಿ ನಿಜವಾದ ಶತ್ರು ಉಷ್ಣತೆ. 50 ಮಿಲಿಲೀಟರ್ ನೀರು 25 ಡಿಗ್ರಿ ಹತ್ತಿರ ಒಂದು ಡಿಗ್ರಿ ಏರಿದರೆ ಸುಮಾರು 13 ಮೈಕ್ರೋಲೀಟರ್ ಹಿಗ್ಗುತ್ತದೆ. ನೀವು ಹುಡುಕುತ್ತಿರುವುದು 67. ಹಾಗಾಗಿ ಇಡೀ ಸೆಲ್ಲನ್ನು ನೀರಿನ ಬಾತಿನಲ್ಲಿ ಮುಳುಗಿಸಿ, 0.1 ಡಿಗ್ರಿಯೊಳಗೆ ಹಿಡಿಯಿರಿ. ಕರೆಂಟ್ ಹಾಕುವ ಮೊದಲು ಅರ್ಧ ಗಂಟೆ ಸುಮ್ನೆ ಬಿಟ್ಟು ಕ್ಯಾಪಿಲರಿ ನಿಂತಲ್ಲೇ ನಿಂತಿದೆಯಾ ನೋಡಿ. ಒಂದು ಕಡೆ ಏರಿದಷ್ಟೇ ಇನ್ನೊಂದು ಕಡೆ ಇಳಿಯಬೇಕು. ಎರಡೂ ಕಡೆ ಏರಿದರೆ ಬಿಸಿಯಾಗುತ್ತಿದೆ ಅಂತ ಅರ್ಥ. ಪೊರೆ ಉಬ್ಬಿದರೂ ಅಳತೆ ತಪ್ಪುತ್ತದೆ, ಎರಡೂ ಬದಿಗೆ ಪ್ಲಾಸ್ಟಿಕ್ ಜಾಲರಿ ಕೊಟ್ಟು ಹಿಡಿಸಿ. ಕರೆಂಟಿನ ದಿಕ್ಕು ಬದಲಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಆಸ್ಮಾಸಿಸ್ ಅಳೆಯಲು ಇದೇ ಸೆಲ್ ಸಾಕು: ಕರೆಂಟ್ ಬೇಡ, ಎರಡು ಕಡೆ ಬೇರೆ ಬೇರೆ ಸಾಂದ್ರತೆ.

ಈ ಸಂಖ್ಯೆ ಯಾಕೆ ಇಷ್ಟು ಮುಖ್ಯ ಅಂದರೆ, ಎಲೆಕ್ಟ್ರೋಡಯಾಲಿಸಿಸಿನಲ್ಲಿ ಎರಡೂ ದಾರಿಯ ನೀರು ಒಂದೇ ದಿಕ್ಕಿಗೆ, ತೆಳು ಕಡೆಯಿಂದ ಗಟ್ಟಿ ಕಡೆಗೆ ಹೋಗುತ್ತದೆ. ಒಂದು ಸೋಡಿಯಂ, ಒಂದು ಕ್ಲೋರೈಡ್ ಎರಡೂ ಸೇರಿ ತಮ್ಮ ತಮ್ಮ ಪೊರೆಯ ಮೂಲಕ 14 ನೀರು ತಂದವು ಅಂತಿಟ್ಟುಕೊಳ್ಳಿ. ಕಿಲೋ ನೀರಿನಲ್ಲಿ 55.5 ಮೋಲ್ ನೀರು, 14ಕ್ಕೆ ಭಾಗಿಸಿದರೆ ಸುಮಾರು 4. ಗಟ್ಟಿ ಕಡೆಗೆ ಹೊರಗಿನಿಂದ ನೀರು ಕೊಡದಿದ್ದರೂ ಕಿಲೋಗೆ 4 ಮೋಲ್ ಉಪ್ಪಿಗಿಂತ ಮೇಲೆ ಏರಲು ಸಾಧ್ಯವೇ ಇಲ್ಲ, ಎಷ್ಟು ಕರೆಂಟ್ ಸುರಿದರೂ. ಫ್ಯೂಯೆಲ್ ಸೆಲ್ಲಿನಲ್ಲೂ ಇದೇ ತಲೆನೋವು. ಪ್ರೋಟಾನಿಗೆ ಒಂದೇ ನೀರು ಅಂದರೂ, ಆನೋಡಿನಿಂದ ಎಳೆದುಕೊಂಡು ಹೋಗುವ ನೀರು ಕ್ಯಾಥೋಡಿನಲ್ಲಿ ಹುಟ್ಟುವ ನೀರಿನ ಎರಡು ಪಟ್ಟು. ಹಿಂದಕ್ಕೆ ಡಿಫ್ಯೂಷನ್ ಆಗದಿದ್ದರೆ ಆನೋಡ್ ಕಡೆ ಪೊರೆ ಒಣಗಿಹೋಗುತ್ತದೆ.

ಪೊರೆಯ ಪಕ್ಕದ ನೀರು

ಪೊರೆಯ ಒಳಗೆ ಕರೆಂಟನ್ನು ಬಹುತೇಕ ಸೋಡಿಯಂ ಒಂದೇ ಹೊರುತ್ತದೆ. ಹೊರಗಿನ ದ್ರಾವಣದಲ್ಲಿ ಅದರ ಪಾಲು ಸುಮಾರು 0.39. ಈ ಕೊರತೆಯನ್ನು ಡಿಫ್ಯೂಷನ್ ತುಂಬಬೇಕು, ಹಾಗಾಗಿ ತೆಳು ಕಡೆಯಲ್ಲಿ ಪೊರೆಗೆ ಅಂಟಿದ ತೆಳುವಾದ ಪದರದಲ್ಲಿ ಉಪ್ಪು ಖಾಲಿಯಾಗುತ್ತಾ ಬರುತ್ತದೆ. ಮೇಲ್ಮೈಯಲ್ಲಿ ಸೊನ್ನೆ ಮುಟ್ಟುವ ಕರೆಂಟೇ ಲಿಮಿಟಿಂಗ್ ಕರೆಂಟ್. 0.1 ಮೋಲಾರ್ ಉಪ್ಪು, 100 ಮೈಕ್ರಾನ್ ಪದರ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 24 ಮಿಲಿಆಂಪಿಯರ್. 0.01 ಮೋಲಾರ್ ಆದರೆ 2.4.

ಈ ಪದರ ಮೇಲಿನ ಎಲ್ಲ ಅಳತೆಗಳಲ್ಲೂ ಕೈಯಾಡಿಸುತ್ತದೆ. ಪರೀಕ್ಷೆ ಸುಲಭ: ಕಲಕುವ ವೇಗ ಹೆಚ್ಚಿಸಿ. ಅಂಕಿ ಬದಲಾದರೆ ನೀವು ಅಳೆಯುತ್ತಿರುವುದು ಪೊರೆಯನ್ನಲ್ಲ, ಪದರವನ್ನು. ಬದಲಾಗದ ತನಕ ವೇಗ ಏರಿಸಿ.

ಲಿಮಿಟಿಂಗ್ ಕರೆಂಟ್ ಕಂಡುಹಿಡಿಯಲು ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ವೋಲ್ಟೇಜನ್ನು ಕರೆಂಟಿಗೆ ಭಾಗಿಸಿದ್ದನ್ನು ಮೇಲಕ್ಕೆ, ಒಂದನ್ನು ಕರೆಂಟಿಗೆ ಭಾಗಿಸಿದ್ದನ್ನು ಅಡ್ಡಕ್ಕೆ ಇಟ್ಟು ಗ್ರಾಫ್ ಹಾಕಿ. ಗೆರೆ ತಿರುಗುವ ಜಾಗ ಅದೇ. 1959ರಲ್ಲಿ ಕೋವನ್ ಮತ್ತು ಬ್ರೌನ್ ತೋರಿಸಿದ ವಿಧಾನ ಇದು, ಈಗಲೂ ಎಲ್ಲರೂ ಇದನ್ನೇ ಬಳಸುತ್ತಾರೆ.

ಆನಯಾನ್ ಪೊರೆ ಹಿಡಿದಿರುವವರಿಗೆ ಎರಡು ಮಾತು. ಹೈಡ್ರಾಕ್ಸೈಡ್ ರೂಪದ ಪೊರೆಯನ್ನು ಗಾಳಿಗೆ ಬಿಡಬೇಡಿ, ಕಾರ್ಬನ್ ಡೈಆಕ್ಸೈಡ್ ಹೀರಿ ಬೇಗ ಬೈಕಾರ್ಬನೇಟ್, ಕಾರ್ಬನೇಟ್ ಆಗಿಬಿಡುತ್ತದೆ, ಕಂಡಕ್ಟಿವಿಟಿ ಇಳಿಯುತ್ತದೆ. ನೈಟ್ರೋಜನ್ ಕೆಳಗೆ ಕೆಲಸ ಮಾಡಿ. ಚಾರ್ಜ್ ಅಳೆಯಲು ಕ್ಲೋರೈಡ್ ರೂಪಕ್ಕೆ ತಂದು, ಸೋಡಿಯಂ ನೈಟ್ರೇಟಿನಲ್ಲಿ ನೆನೆಸಿ, ಹೊರಬಂದ ಕ್ಲೋರೈಡನ್ನು ಸಿಲ್ವರ್ ನೈಟ್ರೇಟಿನಿಂದ ಟೈಟ್ರೇಟ್ ಮಾಡಿ. ಕ್ರೋಮೇಟ್ ಸೂಚಕ ವಿಷ, ಆದ್ದರಿಂದ ಬೆಳ್ಳಿ ಎಲೆಕ್ಟ್ರೋಡ್ ಇಟ್ಟು ಮಾಡುವುದು ವಾಸಿ.

ಲಿಮಿಟಿಂಗ್ ಕರೆಂಟ್ ಮೀರಿದರೆ ಇದೇ ಆನಯಾನ್ ಪೊರೆಯ ಮೇಲ್ಮೈಯಲ್ಲಿ ನೀರು ಒಡೆಯತೊಡಗುತ್ತದೆ. ಹೈಡ್ರಾಕ್ಸೈಡ್ ಪೊರೆ ದಾಟಿ ಗಟ್ಟಿ ಕಡೆಗೆ ಹೋಗುತ್ತದೆ, ಪ್ರೋಟಾನ್ ತೆಳು ಕಡೆಯಲ್ಲೇ ಉಳಿಯುತ್ತದೆ. ಗಟ್ಟಿ ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಪೊರೆಯ ಮೇಲೆ ಬಿಳಿ ಪದರ ಕಟ್ಟುತ್ತದೆ. ಎರಡೂ ಕಡೆ ಪಿಎಚ್ ನೋಡುತ್ತಿದ್ದರೆ ಇದು ಮೊದಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಲಿಮಿಟಿಂಗ್ ಕರೆಂಟಿನ 80% ಒಳಗೇ ಓಡಿಸುತ್ತಾರೆ. ಆ 80% ಲೆಕ್ಕವನ್ನು ಮಾತ್ರ ಒಳಬರುವ ನೀರಿಗೆ ಹಾಕಬೇಡಿ, ತೆಳು ದ್ರಾವಣ ಸೆಲ್ಲಿನಿಂದ ಹೊರಗೆ ಹೋಗುವ ಬಾಯಿಯ ಸಾಂದ್ರತೆಗೆ ಹಾಕಿ. ಉಪ್ಪು ಎಲ್ಲಕ್ಕಿಂತ ಕಡಿಮೆ ಇರುವುದು ಅಲ್ಲಿ.